ಎಂಟು ಕಹಾಪಣದ ಪಾತ್ರೆ

ಮಗಳು ತನ್ನ ಮೊಬೈಲು ನನ್ನ ಕೈಗಿತ್ತು, ಇಯರ್‌ಫೋನನ್ನೂ ಕಿವಿಗೆ ಸಿಕ್ಕಿಸಿ, “ಅಪ್ಪಾ, ಹತ್ತು ನಿಮಿಷ ಸುಮ್ನೆ ಕೂತ್ಕೋ. ಮನಸ್ಸಿಗೂ ವ್ಯಾಯಾಮ ಬೇಕು” ಎಂದು ಹೋದಳು. ಬಿ.ಪಿ. ಏರಿದ್ದು ಅವಳಿಗೆ ಗೊತ್ತು. ಏರಿಸಿದವರು ಮೇಲಿನ ಮನೆಯ ರಾಯರೆಂಬುದೂ ಗೊತ್ತು. ಹೊಂಗೆಮರದ ನೆರಳಲ್ಲಿ ನಿಲ್ಲಿಸಿದ್ದ ನನ್ನ ಸ್ಕೂಟರನ್ನು ಅವರು ಒಂದೇ ವಾರದಲ್ಲಿ ಮೂರು ಸಲ ಬಿಸಿಲಿಗೆ ತಳ್ಳಿದ್ದರು.

ಕಿವಿಯೊಳಗೆ ಮೆತ್ತನೆಯ ಹೆಣ್ಣುದನಿ. ಮೊದಲು ನಿಮಗೆ ನೀವೇ ಒಳ್ಳೆಯದನ್ನು ಹಾರೈಸಿಕೊಳ್ಳಿ ಎಂದಿತು. ಅದು ನನಗೆ ಹುಟ್ಟಿನಿಂದ ಬಂದದ್ದು. ಈಗ ಪ್ರೀತಿಯವರೊಬ್ಬರನ್ನು ನೆನೆಯಿರಿ ಎಂದಿತು. ಅಜ್ಜಿ ಬಂದಳು, ತೊಡೆಯ ಮೇಲೆ ನನ್ನ ತಲೆ ಇಟ್ಟುಕೊಂಡು ನೆತ್ತಿಗೆ ಹರಳೆಣ್ಣೆ ತಟ್ಟತೊಡಗಿದಳು. ಕಣ್ಣು ಬಿಟ್ಟಾಗ ಮುಕ್ಕಾಲು ಗಂಟೆ ಕಳೆದಿತ್ತು.

ತಪ್ಪಿದ್ದೆಲ್ಲಿ ಎಂದು ತಿಳಿದದ್ದು ಬೌದ್ಧ ಧ್ಯಾನಗ್ರಂಥ ‘ವಿಸುದ್ಧಿಮಗ್ಗ’ ತೆರೆದಾಗ. 5ನೆಯ ಶತಮಾನದಲ್ಲಿ ಬುದ್ಧಘೋಷ ಅನುರಾಧಪುರದಲ್ಲಿ ಕೂತು ಪಾಲಿಯಲ್ಲಿ ಬರೆದದ್ದು. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಬೆಂಗಳೂರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿಯಿಂದ ಅದರ ಇಂಗ್ಲಿಷ್ ಅನುವಾದವನ್ನು ಎಂದೋ ತಂದು, ಎಲ್ಲ ದಪ್ಪ ಪುಸ್ತಕಗಳಂತೆ ಓದದೆ ಇಟ್ಟಿದ್ದೆ. ಮೊಬೈಲಿನಾಕೆ ಹೇಳಿದ ಕ್ರಮವೇ ಅಲ್ಲಿದೆ: ಮೊದಲು ತಾನು, ಆಮೇಲೆ ಪ್ರಿಯರು, ಬೇಕೂ ಇಲ್ಲ ಬೇಡವೂ ಇಲ್ಲ ಎಂಬಂಥವರು, ಕೊನೆಗೆ ವೈರಿ. ಆಕೆ ಹೇಳದ ಒಂದು ಕಟ್ಟಳೆಯೂ ಇದೆ. ತೀರಿಕೊಂಡವರನ್ನು ಹಿಡಿದು ಈ ಹಾರೈಕೆಯ ಮೈತ್ರಿಧ್ಯಾನ ಮಾಡಬಾರದು. ಎಳೆಯ ಭಿಕ್ಷುವೊಬ್ಬ ತನ್ನ ಆಚಾರ್ಯರನ್ನು ನೆನೆದು ಎಷ್ಟು ಕೂತರೂ ಧ್ಯಾನ ಹತ್ತಲಿಲ್ಲವಂತೆ. ವಿಚಾರಿಸಿದರೆ ಆಚಾರ್ಯರು ಆಗಲೇ ತೀರಿಕೊಂಡಿದ್ದರು, ನನ್ನ ಅಜ್ಜಿಯಂತೆ.

ನಿದ್ದೆಗೆ ಮಾತ್ರ ನಾಚಬೇಕಿಲ್ಲ. ಮೈತ್ರಿಗೆ ಹೇಳಿದ ಹನ್ನೊಂದು ಫಲಗಳಲ್ಲಿ ಮೊದಲನೆಯದೇ ಸುಖನಿದ್ರೆ.

ವೈರಿಯ ಸರದಿ ಬಂದಾಗ ಬುದ್ಧಘೋಷನ ತಾಳ್ಮೆ ನೋಡಬೇಕು. ಇದಕ್ಕೆ ಬಗ್ಗದಿದ್ದರೆ ಅದು, ಅದಕ್ಕೂ ಬಗ್ಗದಿದ್ದರೆ ಇನ್ನೊಂದು ಎಂದು ಪುಟಗಟ್ಟಲೆ ಉಪಾಯ. ನಿನ್ನ ಸಿಟ್ಟು ಅವನ ಯಾವುದರ ಮೇಲೆ, ಕೂದಲಿನ ಮೇಲೋ, ಉಗುರಿನ ಮೇಲೋ ಎಂದು ಒಂದೊಂದಾಗಿ ಕೇಳಿಕೊಳ್ಳಬೇಕಂತೆ. ಕೇಳಿಕೊಂಡೆ. ರಾಯರಿಗೆ ಕೂದಲಿಲ್ಲ, ಹಲ್ಲು ಕಟ್ಟಿಸಿದ್ದು. ಸಿಟ್ಟು ಇಡಿಯಾಗಿ ಉಳಿಯಿತು.

ಎಲ್ಲ ಸೋತ ಮೇಲೆ ಕೊನೆಯದು: ಏನಾದರೂ ಕೊಡು. ಅದಕ್ಕೆ ಸಿಂಹಳದ ಚಿತ್ತಲಪಬ್ಬತ ವಿಹಾರದ ಪ್ರಸಂಗ. ಹಿರಿಯರೊಬ್ಬರು ಒಬ್ಬ ಭಿಕ್ಷುವನ್ನು ಅವನ ವಸತಿಯಿಂದ ಎಬ್ಬಿಸಿದ್ದರು. ಮೂರು ಸಲ! ಒರಗಿಕೊಂಡು ಓದುತ್ತಿದ್ದವನು ನೆಟ್ಟಗೆ ಕೂತೆ. ಆ ಭಿಕ್ಷು ಜಗಳಕ್ಕೆ ಹೋಗದೆ ಆ ಹಿರಿಯರಿಗೆ ಒಂದು ಭಿಕ್ಷಾಪಾತ್ರೆ ಕೊಟ್ಟ. ತಾಯಿ ಕೊಟ್ಟದ್ದೆಂದ, ನ್ಯಾಯವಾಗಿ ಬಂದದ್ದೆಂದ, ಪುಣ್ಯ ಆಕೆಗೆ ಸೇರಲೆಂದ. ಜೊತೆಗೆ ಅದರ ಬೆಲೆ ಆಗಿನ ನಾಣ್ಯದಲ್ಲಿ ಎಂಟು ಕಹಾಪಣ ಎಂದೂ ಹೇಳಿದ. ಮನೆಮಠ ಬಿಟ್ಟವನು ಅಮ್ಮನ ಪಾತ್ರೆಯ ಬೆಲೆ ಮರೆತಿರಲಿಲ್ಲ! ಆ ಕ್ಷಣವೇ ಅವನು ನನಗೆ ನೆಂಟನಾದ. ಕೊಡುವುದು ಕೊಡುತ್ತೇವೆ, ಅಗ್ಗದ್ದಲ್ಲವೆಂದು ಎದುರಿನವರಿಗೆ ತಿಳಿಯಬೇಡವೇ?

ಅಮ್ಮ ಸಾಗರದಿಂದ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿಯಿತ್ತು. ತೊಟ್ಟು ಮುರಿಯದ ಹನ್ನೆರಡು ಮಿಡಿಗಳನ್ನು ಆರಿಸಿ, ಅಮ್ಮನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಗೆ ತುಂಬಿ, ರಸವನ್ನೂ ಸುರಿದು ಮೇಲೆ ಹತ್ತಿದೆ. “ಅಮ್ಮ ಕಳಿಸಿದ್ದು, ರಾಯರೇ” ಎಂದೆ. ಈ ವರ್ಷ ಮಿಡಿಗೆ ಎಷ್ಟು ಬಿತ್ತೆಂದೂ ಹೇಳಿದೆ. ರಾಯರು ಮುಚ್ಚಳ ತೆಗೆದು ಮೂಸಿದರು. “ಜೀರಿಗೆಮಿಡಿ! ಒಳಗೆ ಬನ್ರೀ” ಎಂದರು.

ಸ್ಕೂಟರು ಈಗ ನೆರಳಲ್ಲೇ ಇರುತ್ತದೆ. ಡಬ್ಬಿ ವಾಪಸು ಬಂದಿಲ್ಲ, ತಿಂಗಳು ಮೇಲಾಯಿತು.