ತೇರಿನ ಸಂಜೆಯ ಮಂಡಕ್ಕಿ-ಮಿರ್ಚಿ

ನಮ್ಮ ಸೀಮೆಯಲ್ಲಿ ಮನೆಗೆ ಬಂದ ನೆಂಟರಿಗೆ ಸಂಜೆಯ ಹೊತ್ತು ಮಂಡಕ್ಕಿ-ಮಿರ್ಚಿ ಇಡದಿದ್ದರೆ ಉಪಚಾರವು ಪೂರ್ಣವಾಯಿತೆಂದು ಯಾರೂ ಒಪ್ಪರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಯಾವ ಊರಿನ ಪೇಟೆಯನ್ನು ಹೊಕ್ಕರೂ ಕಾದ ಎಣ್ಣೆಯ ವಾಸನೆಯೇ ಎದುರುಗೊಳ್ಳುವುದು. ಹರಪನಹಳ್ಳಿಯು 1997ರಲ್ಲಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಯದಾಯಿತು. ಗಡಿಗಳು ಎಷ್ಟು ಸಲ ಸರಿದರೂ ಬಾಣಲೆಯು ಒಲೆಯಿಂದ ಇಳಿದಿಲ್ಲ.

ನಮ್ಮ ಮನೆಯಲ್ಲಿಯೂ ಒಂದು ಗಡಿಯ ವ್ಯಾಜ್ಯವಿತ್ತು. ಹೊಲ ಪಾಲಾದ ಮೇಲೆ ಒಂದು ಬದುವಿನ ನಿಮಿತ್ತ ನನ್ನ ತಂದೆಗೂ ದೊಡ್ಡಪ್ಪನಿಗೂ ಮೂರು ವರ್ಷ ಮಾತು ನಿಂತಿತ್ತು. ಆದರೆ ಕೊಟ್ಟೂರೇಶ್ವರನ ತೇರಿಗೆ ಇಬ್ಬರೂ ಕೊಟ್ಟೂರಿನ ಅಜ್ಜಿಯ ಮನೆಗೆ ಬರಲೇಬೇಕು. ಆ ವರ್ಷವೂ ಬಂದರು. ಪಡಸಾಲೆಯ ಆ ಕೊನೆಗೊಬ್ಬರು, ಈ ಕೊನೆಗೊಬ್ಬರು ಕುಳಿತರು.

ಅಜ್ಜಿ ನನ್ನನ್ನು ಒಲೆಯ ಮುಂದೆ ಕೂರಿಸಿದಳು. ಮಿರ್ಚಿಗೆ ಉದ್ದನೆಯ ಹಸಿಮೆಣಸಿನಕಾಯಿ ಬೇಕು. ತೊಟ್ಟನ್ನು ಉಳಿಸಿ, ಒಂದು ಪಕ್ಕ ಸೀಳಿ, ಉಪ್ಪು ಬೆರೆಸಿ ಅರೆದ ಜೀರಿಗೆಯನ್ನು ಒಳಗೆ ಸವರಬೇಕು. ಖಾರವೆಲ್ಲ ಬೀಜದಲ್ಲಿದೆಯೆಂದು ಅನೇಕರ ತಿಳಿವಳಿಕೆ. ವಾಸ್ತವದಲ್ಲಿ ಬೀಜಗಳನ್ನು ಹಿಡಿದಿರುವ ಬಿಳಿಯ ತಿರುಳಿನಲ್ಲಿಯೇ ಅದು ಹೆಚ್ಚು. ಅದನ್ನು ತೆಗೆಯಲೇ ಎಂದು ಕೇಳಿದೆನು. ಅಜ್ಜಿ ಬೇಡವೆಂದಳು. ಕಡಲೆಹಿಟ್ಟಿಗೆ ಉಪ್ಪು, ಅಜವಾನ, ಚಿಟಿಕೆ ಸೋಡಾ, ಒಂದು ಚಮಚ ಕಾದ ಎಣ್ಣೆ ಹಾಕಿ, ದೋಸೆಯ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿದೆನು. ಎಣ್ಣೆ ಸಾಲದಷ್ಟು ಕಾದಿದ್ದರೆ ಹಿಟ್ಟು ಅದನ್ನು ಕುಡಿದುಬಿಡುವುದು. ಮಿತಿಮೀರಿ ಕಾದರೆ ಹೊರಗೆ ಕಂದಿ ಒಳಗೆ ಹಸಿಯಾಗಿ ಉಳಿಯುವುದು. ಒಂದು ಹನಿ ಹಿಟ್ಟು ಬಿಟ್ಟೊಡನೆ ಅದು ಮೇಲೆದ್ದರೆ ಹದವೆಂದು ತಿಳಿಯತಕ್ಕದ್ದು.

ಮಂಡಕ್ಕಿಯ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಭಟ್ಟಿಯ ಕಾದ ಮರಳಿನಲ್ಲಿ ಅಕ್ಕಿಯೊಳಗಿನ ತೇವವು ಆವಿಯಾಗಿ ಕಾಳು ಉಬ್ಬಿರುವುದರಿಂದ, ನೀರು ಸೋಕಿದರೆ ಸಾಕು, ಅದನ್ನು ಹೀರಿ ಕುಗ್ಗುತ್ತದೆ. ನೀರಿನಲ್ಲಿ ಅದ್ದಿದ್ದನ್ನು ಕೂಡಲೇ ಹಿಂಡಿ, ಈರುಳ್ಳಿ, ಕರಿಬೇವು, ಅರಿಸಿನದ ಒಗ್ಗರಣೆಗೆ ಹಾಕಿ, ಪುಟಾಣಿಯ ಪುಡಿ ಉದುರಿಸಿ ಕಲಸಿದೆನು.

ಎರಡು ತಟ್ಟೆಗಳನ್ನು ತೆಗೆದೆನು. ಅಜ್ಜಿ ಅವನ್ನು ಕಸಿದಿಟ್ಟು, ಹಿತ್ತಾಳೆಯ ಒಂದೇ ಪರಾತದಲ್ಲಿ ಮಂಡಕ್ಕಿ ಸುರಿದು, ಮೇಲೆ ಮಿರ್ಚಿಗಳನ್ನು ಪೇರಿಸಿ, ಪಡಸಾಲೆಯ ನಟ್ಟನಡುವೆ ಇಟ್ಟಳು. “ಆರಿದ್ರೆ ಮೆತ್ತಗಾಗ್ತಾವ, ಬರ್ರಿ,” ಎಂದಷ್ಟೇ ಹೇಳಿದಳು. ಬಿಸಿ ಮಿರ್ಚಿಯು ಯಾರ ಮುನಿಸಿಗೂ ಕಾಯದು. ಇಬ್ಬರೂ ಸರಿದು ಬಂದರು; ಮುಖವನ್ನು ಮಾತ್ರ ಬೇರೆ ಕಡೆಗೆ ತಿರುಗಿಸಿಕೊಂಡೇ ಕೈ ಹಾಕಿದರು.

ಎರಡನೆಯ ಮಿರ್ಚಿಗೇ ದೊಡ್ಡಪ್ಪನಿಗೆ ನೆತ್ತಿ ಹತ್ತಿತು. ಕಣ್ಣಲ್ಲಿ ನೀರು, ಬಾಯಲ್ಲಿ ಉಸಿರಿಲ್ಲ. ನಾನು ತಂಬಿಗೆ ನೀರು ಹಿಡಿದು ಓಡಿದೆನು. ಮೆಣಸಿನ ಖಾರ ನೀರಿನಲ್ಲಿ ಕರಗದೆಂಬುದು ನನಗೂ ಗೊತ್ತಿತ್ತು, ಗಾಬರಿಯಲ್ಲಿ ಮರೆತೆನು. ಆಗ ನನ್ನ ತಂದೆ, “ನೀರು ಬ್ಯಾಡ, ಅಣ್ಣಗ ಮಜ್ಜಿಗಿ ಕೊಡವ್ವಾ,” ಎಂದರು.

ಮೂರು ವರ್ಷದ ಮೇಲೆ ಅವರ ಬಾಯಿಂದ ಅಣ್ಣ ಎಂಬ ಮಾತು ಬಂದದ್ದು ಅಂದೇ. ಅಜ್ಜಿ ತಲೆ ಎತ್ತಲಿಲ್ಲ. ಪರಾತದ ಅಂಚಿಗೆ ಸರಿದಿದ್ದ ಮಂಡಕ್ಕಿಯನ್ನು ನಡುವಿಗೆ ಒತ್ತುತ್ತಲಿದ್ದಳು.

ಬದುವಿನ ವ್ಯಾಜ್ಯ ಅಂದು ತೀರಲಿಲ್ಲ, ಅಳತೆಗೆ ಸರ್ವೆಯವರೇ ಬರಬೇಕಾಯಿತು. ಆದರೆ ದೊಡ್ಡಪ್ಪ ಮಜ್ಜಿಗೆ ಕುಡಿದು, ಕಣ್ಣೊರೆಸಿಕೊಂಡು, ಇನ್ನೂ ನಾಲ್ಕು ಬರಲಿ ಎಂದುದರಿಂದ, ನಾನು ಮತ್ತೊಮ್ಮೆ ಹಿಟ್ಟು ಕಲಸಲು ಒಳಗೆ ಹೋದೆನು.