ಕ್ಯಾನ್ ಇಲ್ಲದ ಮೀನುಗಳು (ಭಾಗ 4)

ನಿಮ್ಮಲ್ಲಿ ಎಷ್ಟು ಜನ ಬಾವಿಯಲ್ಲಿ ಈಜು ಕಲ್ತಿದ್ದೀರಾ? ಹಂಗಾದ್ರೆ ಬೆನ್ನಿಗೆ ಕಟ್ಟೋ ಖಾಲಿ ಎಣ್ಣೆ ಕ್ಯಾನ್ ನಿಮಗೆ ಗೊತ್ತೇ ಇರುತ್ತೆ. ಅಮ್ಮನ ಕಾಲದಲ್ಲಿ ಒಣಗಿದ ಸೋರೆ ಬುರುಡೆ ಕಟ್ತಿದ್ರಂತೆ. ಕ್ಯಾನ್ ಆಗ್ಲಿ ಬುರುಡೆ ಆಗ್ಲಿ, ಒಳಗಿರೋದು ಬರೀ ಗಾಳಿ. ಆ ಗಾಳಿನೇ ನಮ್ಮನ್ನ ಮೇಲೆ ಹಿಡಿದಿರೋದು.

ತುಂಬಾ ಮೀನುಗಳಿಗೆ ಆ ಕ್ಯಾನ್ ಹೊಟ್ಟೆಯೊಳಗೇ ಇದೆ, ಗಾಳಿ ತುಂಬಿದ ಒಂದು ಚೀಲ. ಅದರಿಂದಾನೇ ಅವು ರೆಕ್ಕೆ ಜಾಸ್ತಿ ಬಡಿಯದೆ ನೀರಿನ ಮಧ್ಯೆ ಆರಾಮಾಗಿ ನಿಂತಿರುತ್ತವೆ.

ಈಗ ಅಂಟಾರ್ಕ್ಟಿಕಾಗೆ ಬನ್ನಿ. ಅಲ್ಲಿ ಸಮುದ್ರದ ನೀರು ಮೈನಸ್ 1.9 ಡಿಗ್ರಿ ತನಕ ಇಳಿಯುತ್ತೆ. ಉಪ್ಪು ಇರೋದಕ್ಕೆ ಅಷ್ಟಾದ್ರೂ ನೀರಾಗೇ ಇರುತ್ತೆ. ಅಲ್ಲಿರೋ ಮೀನುಗಳಲ್ಲಿ ಬಹುಪಾಲು ಒಂದೇ ದೊಡ್ಡ ಬಳಗದವು, ಹೆಸರು ನೋಟೋಥೆನಿಯಾಯ್ಡ್. ನೂರಕ್ಕೂ ಹೆಚ್ಚು ಜಾತಿ ಇವೆ, ಒಂದಕ್ಕೂ ಗಾಳಿಚೀಲ ಇಲ್ಲ! ಇವುಗಳ ಪೂರ್ವಜರು ತಳದಲ್ಲಿ ಕೂತು ಬದುಕಿದವರು. ತಳದಲ್ಲೇ ಇರೋರಿಗೆ ಕ್ಯಾನ್ ಯಾಕೆ? ಹೋಯ್ತು. ಆಮೇಲೆ ನೀರು ತಣ್ಣಗಾಗ್ತಾ ಬೇರೆ ಮೀನುಗಳು ಕಮ್ಮಿಯಾದವು, ಮೇಲಿನ ನೀರು ಹೆಚ್ಚುಕಡಿಮೆ ಖಾಲಿ ಬಿತ್ತು. ಊಟ ಮೇಲಿದೆ, ಮೇಲೇಳೋಕೆ ಗಾಳಿಚೀಲ ಇಲ್ಲ.

ಬಳಗದಲ್ಲಿ ಕೆಲವರು ತಳದಲ್ಲೇ ಉಳಿದರು. ಟ್ರೆಮಾಟೋಮಸ್ ಬರ್ನಾಕಿ ಅಂತ ಒಂದಿದೆ, ಗಟ್ಟಿ ಮೂಳೆಯ ಮೀನು. ಇವುಗಳ ಭಾರ ಅಳೆಯೋ ವಿಧಾನ ಸಿಂಪಲ್ಲು: ಮೀನನ್ನ ಒಮ್ಮೆ ಗಾಳಿಯಲ್ಲಿ ತೂಗ್ತಾರೆ, ಒಮ್ಮೆ ನೀರಲ್ಲಿ ಮುಳುಗಿಸಿ ತೂಗ್ತಾರೆ. ಇದು ಗಾಳಿಯಲ್ಲಿ ನೂರು ಗ್ರಾಂ ಇದ್ರೆ ನೀರಲ್ಲಿ ಮೂರ್ನಾಲ್ಕು ಗ್ರಾಂ ತೂಗುತ್ತೆ. ಕಮ್ಮಿ ಅನ್ಸುತ್ತಲ್ವಾ? ಆದ್ರೆ ಅಷ್ಟು ಸಾಕು. ರೆಕ್ಕೆ ನಿಲ್ಲಿಸಿದ ತಕ್ಷಣ ಕೆಳಗೆ.

ಇನ್ನೊಂದು, ಇದರ ದಾಯಾದಿ, ಅಂಟಾರ್ಕ್ಟಿಕ್ ಟೂತ್‌ಫಿಶ್. ನೂರು ಕೆಜಿ ದಾಟೋ ದೈತ್ಯ. ನೀರಲ್ಲಿ ಅದರ ತೂಕ ಎಷ್ಟು ಗೊತ್ತಾ? ಸುಮಾರು ಸೊನ್ನೆ. ಹೇಗೆ ಅಂದ್ರೆ, ಮೂಳೆ ಇರಬೇಕಾದ ಎಷ್ಟೋ ಕಡೆ ಬರೀ ಮೃದ್ವಸ್ಥಿ, ಅಂದ್ರೆ ನಮ್ಮ ಕಿವಿಯ ತುದಿಯಲ್ಲಿರೋ ಥರದ್ದು. ಮಾಪೆಯಲ್ಲೂ ಖನಿಜ ಕಮ್ಮಿ. ಜೊತೆಗೆ ಚರ್ಮದ ಕೆಳಗೆ ಕೊಬ್ಬು, ಮಾಂಸಖಂಡದೊಳಗೂ ಕೊಬ್ಬು. ಕೊಬ್ಬು ಸಮುದ್ರದ ನೀರಿಗಿಂತ ಹಗುರ. ಇದನ್ನ ಓದುವಾಗ ನನಗೆ ಇಷ್ಟವಾಗಿದ್ದು ಏನಂದ್ರೆ, ಚಿಕ್ಕದಿರುವಾಗ ಟೂತ್‌ಫಿಶ್ ಕೂಡ ಭಾರನೇ, ಮುಳುಗುತ್ತೆ. ಬೆಳೀತಾ ಬೆಳೀತಾ ಮೈಗೆ ಕೊಬ್ಬು ಸೇರಿದ ಹಾಗೆ ತೇಲೋಕೆ ಶುರು ಮಾಡುತ್ತೆ.

ಮೂರನೇದು ಅಂಟಾರ್ಕ್ಟಿಕ್ ಸಿಲ್ವರ್‌ಫಿಶ್, ಗೇಣುದ್ದ. ಪೆಂಗ್ವಿನ್ನು, ಸೀಲು ಎಲ್ಲಕ್ಕೂ ಇದೇ ಊಟ. ಇದರ ಮೈಯಲ್ಲಿ ಕೊಬ್ಬು ತುಂಬಿದ ಪುಟ್ಟ ಪುಟ್ಟ ಚೀಲಗಳೇ ಇವೆ. ಆರ್ಥರ್ ಡಿವ್ರೀಸ್ ಮತ್ತು ಜೋಸೆಫ್ ಈಸ್ಟ್‌ಮನ್ ಅನ್ನೋ ವಿಜ್ಞಾನಿಗಳು 1978ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನ ಬರೆದರು. ಬೆನ್ನುಮೂಳೆನೂ ಗಟ್ಟಿ ಮಣಿಗಳಲ್ಲ, ತೆಳ್ಳನೆಯ ಬಳೆ ಥರ. ನಮ್ಮ ಕಾಸ್ಟ್ ಅಕೌಂಟಿಂಗ್ ಮೇಡಂ ನೋಡಿದ್ರೆ ಖುಷಿಪಡ್ತಿದ್ರು, ಅನಾವಶ್ಯಕ ಮೂಳೆ ಖರ್ಚು ಪೂರ್ತಿ ಕಟ್.

ಬಿಕಾಂ ಹುಡುಗಿಗೆ ಮೀನಿನ ಹುಚ್ಚು ಯಾಕೆ ಅಂತ ಡಿಎಂ ಮಾಡಿದವರಿಗೆ ಈಗ ಹೇಳ್ತೀನಿ.

ನನಗೂ ಅಕ್ಕನಿಗೂ ಒಂದೂವರೆ ವರ್ಷ ಅಂತರ. ಅವಳು ಕಡ್ಡಿ, ನಾನು ದಪ್ಪ. ಒಂದೇ ಮನೆ, ಒಂದೇ ಮುದ್ದೆ ಸಾರು. ಮದುವೆ, ನಾಮಕರಣ, ಎಲ್ಲಿಗೆ ಹೋದ್ರೂ ನಮ್ಮನ್ನ ಪಕ್ಕಪಕ್ಕ ನಿಲ್ಸಿ, "ಇವಳ ಪಾಲಿನ ಊಟನೂ ನೀನೇ ತಿಂತೀಯೇನೇ" ಅಂತಾರೆ. ನಾನೂ ನಗ್ತೀನಿ. ಎಂಟನೇ ಕ್ಲಾಸಲ್ಲಿ ಬಾವಿಗೆ ಇಳಿಯೋದು ಬಿಟ್ಟೆ. ಒದ್ದೆ ಬಟ್ಟೆಯಲ್ಲಿ ಯಾರಾದ್ರೂ ನೋಡ್ತಾರೆ ಅಂತ. ಕಳೆದ ವರ್ಷ ಮೂರು ತಿಂಗಳು ಮಧ್ಯಾಹ್ನದ ಡಬ್ಬಿನ ಬಸ್‌ಸ್ಟಾಪಿನ ನಾಯಿಗೆ ಹಾಕಿದ್ದೀನಿ. ಅಮ್ಮನಿಗೆ ತೊಳೆದ ಡಬ್ಬಿ ವಾಪಸ್. ಇಂಟರ್ನಲ್ಸ್ ದಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದೆನಲ್ಲ, ಕ್ಲಾಸಿನೋರಿಗೆ ನೆನಪಿರುತ್ತೆ. "ಬಿಸಿಲಿಗೆ" ಅಂತ ಹೇಳಿದ್ದೆ. ಸುಳ್ಳು. ಸಾರಿ ಕಣ್ರೇ.

ಆ ವಾರ ಮನೆಯಲ್ಲಿ ಮಲಗಿ ಫೋನ್ ನೋಡ್ತಿದ್ದಾಗ ಈ ಮೀನುಗಳು ಸಿಕ್ಕಿದ್ದು. ಕೊಬ್ಬು ಅನ್ನೋ ಪದವನ್ನ ಬೈಗುಳ ಅಲ್ಲದೆ, ಒಂದು ಕೆಲಸದ ಹೆಸರಾಗಿ ನಾನು ಓದಿದ್ದು ಅವತ್ತೇ ಮೊದಲು. ಅಂತ ದಪ್ಪಗಿರೋರೆಲ್ಲ ಟೂತ್‌ಫಿಶ್ಶು, ಸಣ್ಣಗಿರೋರೆಲ್ಲ ಬರ್ನಾಕಿ ಅಂತ ನಾನು ಹೇಳ್ತಿಲ್ಲ. ತಳದಲ್ಲಿರೋ ಮೀನಿಗೆ ಭಾರನೇ ಬೇಕು, ಹಗುರ ಆದ್ರೆ ಅದು ಒಂದು ಕಡೆ ನೆಟ್ಟಗೆ ಕೂರೋಕೂ ಆಗಲ್ಲ. ಯಾವ ನೀರಲ್ಲಿ ಇದ್ದೀವಿ ಅಂತ ಕೇಳದೆ ಮೈ ಸರಿ ಇಲ್ಲ ಅನ್ನೋದು ಹೇಗೆ ಅಂತಷ್ಟೇ ನನ್ನ ತಕರಾರು.

ದಸರಾ ರಜೆಗೆ ಅಜ್ಜಿ ಊರಿಗೆ ಹೋಗಿದ್ವಿ. ಮಳೆ ಚೆನ್ನಾಗಾಗಿ ಬಾವಿ ಮೇಲಿನ ಮೆಟ್ಟಿಲ ತನಕ ತುಂಬಿತ್ತು. ಮಾವ ದಡದಲ್ಲಿ ಹಗ್ಗ ಹಿಡ್ಕೊಂಡು ಕೂತಿದ್ರು. ಏಳು ವರ್ಷ ಆದಮೇಲೆ ಇಳಿದೆ. ಮೊದಲು ಭಯಕ್ಕೆ ಕೈಕಾಲು ಬಡಿದೆ, ಆಮೇಲೆ ಸುಮ್ಮನೆ ಅಂಗಾತ ಮಲಗಿದೆ. ನೀರು ಹಿಡ್ಕೊಳ್ತು. ಕಿವಿ ಒಳಗೆ ನೀರು, ಮೇಲೆ ತೆಂಗಿನ ಗರಿ, ಆಕಾಶ.

ಅಕ್ಕ ನನ್ನ ನೋಡಿ ಹಂಗೇ ಮಲಗೋಕೆ ಹೋಗಿ ಕಾಲು ಮೊದಲು ಇಳಿದು, ಆಮೇಲೆ ಇಡೀ ಅಕ್ಕನೇ ಇಳಿದಳು. ಮೂರು ಸಲ. ಮೂಗಲ್ಲಿ ನೀರು ಹೋಗಿ ಕೆಮ್ಮಿ, "ಹೆಂಗೇ ಮಾಡ್ತೀಯ ಇದನ್ನ?" ಅಂದಳು.

ಕೊಟ್ಟಿಗೆಯಿಂದ ಹಳೇ ಕ್ಯಾನ್ ತಂದು ಅವಳ ಬೆನ್ನಿಗೆ ಕಟ್ಟಿದ್ದು ನಾನೇ. ಫೋಟೋ ಎರಡನೇ ಸ್ಲೈಡಲ್ಲಿದೆ, ಅವಳ ಪರ್ಮಿಷನ್ ತಗೊಂಡೇ ಹಾಕಿದ್ದೀನಿ.

ಭಾಗ 5ರಲ್ಲಿ ಇದೇ ಬಳಗದ ಇನ್ನೊಂದು ಮೀನು, ರಕ್ತ ಕೆಂಪಗಿಲ್ಲದೆ ತಿಳಿಯಾಗಿರೋದು. ಶುಕ್ರವಾರ ಟೆಸ್ಟ್ ಮುಗಿದಮೇಲೆ ಹಾಕ್ತೀನಿ.