ತುಂಗಭದ್ರೆಯ ಸೀಮೆಯಲ್ಲಿ ಅಂತ್ಯಕಾಲದ ಶುಶ್ರೂಷೆ

ಬಳ್ಳಾರಿಯೆಂದೊಡನೆ ಕಣ್ಣೆದುರು ನಿಲ್ಲುವುದು ಬಂಡೆಗಳ ಗುಡ್ಡ ಮತ್ತು ಅದರ ಮೇಲಣ ಕೋಟೆ. ಸುತ್ತಲ ಹಳ್ಳಿಗರಿಗಾದರೋ ಈ ನಗರವೆಂದರೆ ಮೊದಲು ದೊಡ್ಡಾಸ್ಪತ್ರೆ. 1961ರಲ್ಲಿ ಆರಂಭವಾಗಿ, ಮುಂದೆ ವಿಮ್ಸ್ ಎಂಬ ಹೆಸರಿನಿಂದ ಮನೆಮಾತಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕುರುಗೋಡು, ಸಿರುಗುಪ್ಪ ಸೀಮೆಗಳಿಂದ ರೋಗಿಗಳು ಬರುತ್ತಲೇ ಇರುತ್ತಾರೆ. ಯಾವ ಊರಿನ ಯಾವ ಆಸ್ಪತ್ರೆಯೇ ಆಗಲಿ, ಗುಣಮುಖರಾಗಿ ಮರಳುವವರ ನಡುವೆ ಕೆಲವರು, ಚಿಕಿತ್ಸೆಯ ಎಲ್ಲೆ ಮುಗಿಯಿತೆಂದು ತಿಳಿದು, ಕೊನೆಯ ದಿನಗಳನ್ನು ಸ್ವಂತ ಮನೆಯಲ್ಲಿ ಕಳೆಯಲು ಹೊರಡುತ್ತಾರೆ. ಅಲ್ಲಿಂದಾಚೆಗೆ ಅವರಿಗೂ ಅವರ ಮನೆಯವರಿಗೂ ಆಸರೆ ಯಾರು? ಈ ಪ್ರಶ್ನೆಯನ್ನು ಹೊತ್ತೇ ನಾವು ಬಳ್ಳಾರಿಯಿಂದ ಹೊರಟೆವು.

ಸುಮಾರು 30 ಕಿಲೋಮೀಟರ್ ಸಾಗಿದರೆ ಕುರುಗೋಡು. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರಿದು. ಇಲ್ಲಿಯ ದೊಡ್ಡಬಸವೇಶ್ವರನ ಏಕಶಿಲಾ ಮೂರ್ತಿಯ ಮುಂದೆ ಕಿರಿಯರು ಮಳೆ, ಬೆಳೆ, ಮದುವೆ, ಸಂತಾನಗಳನ್ನು ಬೇಡಿಕೊಳ್ಳುತ್ತಾರೆ. ಹಿರಿಯರ ಬೇಡಿಕೆ ಬೇರೆ: ನರಳದೆ, ಯಾರಿಗೂ ಭಾರವಾಗದೆ ಹೋಗುವಂತಾಗಲಿ ಎಂಬುದು. ಈ ಬೇಡಿಕೆಯನ್ನು ದೇವರಿಗೆ ಒಪ್ಪಿಸಿ ನಾವು ಸುಮ್ಮನಿರುವುದು ಸಲ್ಲದು. ಅದರಲ್ಲಿ ಮನುಷ್ಯರ ಕೈಯಿಂದ ಆಗಬೇಕಾದ ಕೆಲಸವೂ ಇದೆ.

ಮುಂದೆ ಸಿರುಗುಪ್ಪದ ದಾರಿಯಲ್ಲಿ ತೆಕ್ಕಲಕೋಟೆ. ಅಲ್ಲಿಯ ಗುಡ್ಡಗಳಲ್ಲಿ ನವಶಿಲಾಯುಗದ ಜನರ ಸಮಾಧಿಗಳು ಉತ್ಖನನದಲ್ಲಿ ದೊರೆತಿವೆ. ಅಗಲಿದವರನ್ನು ಆದರದಿಂದ ಮಣ್ಣಿಗೊಪ್ಪಿಸುವುದು ಈ ನೆಲದಲ್ಲಿ ಅಷ್ಟು ಪುರಾತನವಾದ ಸಂಸ್ಕಾರ. ಅಗಲುತ್ತಿರುವವರ ಆದರವೂ ಅಷ್ಟೇ ಆಗಬೇಕಲ್ಲವೆ?

ತುಂಗಭದ್ರೆಯ ನೀರುಂಡ ಭತ್ತದ ಗದ್ದೆಗಳ ನಡುವೆ, ಸಿರುಗುಪ್ಪ ತಾಲ್ಲೂಕಿನ ಒಂದು ಗ್ರಾಮದ ಸದ್ಭಕ್ತರ ಮನೆಗೆ ಹೋದೆವು. ಮನೆಯ ಹಿರಿಯರು ಹಾಸಿಗೆ ಹಿಡಿದಿದ್ದರು. ಶುಶ್ರೂಷಕಿಯೊಬ್ಬಳು ಅವರನ್ನು ನೋಡಲು ಬಂದಿದ್ದಳು. ಸೊಸೆ ಭಕ್ತಿಯಿಂದ ಪಾದೋದಕವನ್ನು ಚಮಚದಲ್ಲಿ ಬಾಯಿಗೆ ಹಾಕಲು ಹೋದಾಗ ಆ ಹೆಣ್ಣುಮಗಳು ಮೆಲ್ಲನೆ ಕೈ ತಡೆದು, “ತಾಯಿ, ಇವರಿಗೆ ನುಂಗುವ ಶಕ್ತಿ ಇಲ್ಲ. ನೀರು ಶ್ವಾಸನಾಳಕ್ಕೆ ಇಳಿದರೆ ಕಷ್ಟ. ಹತ್ತಿಯನ್ನು ಅದರಲ್ಲಿ ಅದ್ದಿ ಹಿಂಡಿ ತುಟಿಗೆ ಮುಟ್ಟಿಸಿರಿ” ಎಂದಳು. ಭಕ್ತಿಗೂ ಊನ ಬರಲಿಲ್ಲ, ರೋಗಿಗೂ ತೊಂದರೆಯಾಗಲಿಲ್ಲ. ಬಳಿಕ, “ಇವರು ನಿತ್ಯ ಯಾವ ಪೂಜೆ ಮಾಡುತ್ತಿದ್ದರು?” ಎಂದು ಕೇಳಿದಳು. ಆಕೆ ನಮ್ಮ ಮತದವಳಲ್ಲ. ಆದರೂ ಮಗನು ಇಷ್ಟಲಿಂಗವನ್ನು ತಂದೆಯ ಅಂಗೈಯಲ್ಲಿರಿಸಿದಾಗ, ಆ ಕೈ ಜಾರದಂತೆ ದಿಂಬನ್ನು ಆನಿಸಿ ಇಟ್ಟವಳು ಆಕೆಯೇ.

“ಇನ್ನೆಷ್ಟು ದಿನ?” ಎಂದು ಮಗ ಕೇಳಿದನು. ಆಕೆ ದಿನ ಎಣಿಸಲಿಲ್ಲ, ಹುಸಿ ಭರವಸೆಯನ್ನೂ ಕೊಡಲಿಲ್ಲ. “ನೋಡಬೇಕಾದವರನ್ನು ಇಂದೇ ಕರೆಸಿರಿ. ಅವರು ಮಾತನಾಡದಿದ್ದರೂ ನಿಮ್ಮ ಮಾತು ಕೇಳಿಸುತ್ತಿರಬಹುದು, ಬಳಿಯಲ್ಲಿ ಕುಳಿತು ಮಾತನಾಡಿರಿ” ಎಂದಳು. ಗಂಟಲಿನ ಗೊರಗೊರ ಸದ್ದಿಗೆ ಮನೆಯವರು ಹೆದರಿದ್ದರು. ನುಂಗಲಾಗದ ಜೊಲ್ಲು ಗಂಟಲಲ್ಲಿ ನಿಂತು ಆ ಸದ್ದು ಬರುವುದೆಂದು ತಿಳಿಸಿ, ಪಕ್ಕಕ್ಕೆ ಹೊರಳಿಸಿ ಮಲಗಿಸುವ ಬಗೆಯನ್ನು ಕಲಿಸಿದಳು.

ಉಪಶಮನ ಆರೈಕೆ ಎಂಬ ಈ ವಿದ್ಯೆಗೆ ಆಧುನಿಕ ರೂಪ ಕೊಟ್ಟ ಸಿಸಿಲಿ ಸಾಂಡರ್ಸ್ ಮೊದಲು ಶುಶ್ರೂಷಕಿಯಾಗಿ ತರಬೇತಿ ಪಡೆದು, ಬಳಿಕ ವೈದ್ಯೆಯಾದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದರು. ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಆತ್ಮದ ತಳಮಳ—ಇವೆಲ್ಲ ಕೂಡಿಯೇ ರೋಗಿಯ ನೋವು ಎಂಬುದು ಅವರ ತಿಳಿವಳಿಕೆ. ನಮ್ಮ ಬೆಂಗಳೂರಿನ ಕರುಣಾಶ್ರಯದ ಟ್ರಸ್ಟು 1994ರಲ್ಲಿ ಹುಟ್ಟಿತು. ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಉಚಿತ ಆರೈಕೆ ದೊರೆಯುತ್ತದೆ.

ಮಾರ್ಫಿನ್ ಕೊಟ್ಟರೆ ಪ್ರಾಣ ಬೇಗ ಹೋಗುವುದೆಂಬ ಭಯ ನಮ್ಮ ಮನೆಗಳಲ್ಲಿದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಕೊಟ್ಟರೆ ಅದು ಆಯುಷ್ಯವನ್ನು ಕಡಿಯುವುದಿಲ್ಲ, ನೋವನ್ನು ತಗ್ಗಿಸುತ್ತದೆ. ಇಂಥ ಔಷಧಿ ರೋಗಿಗಳಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕವಸ್ತು ಕಾಯಿದೆಗೆ ತಿದ್ದುಪಡಿಯಾಯಿತು. ನೋವಿನಿಂದ ಚೀರುವವನಿಗೆ ಲಿಂಗಧ್ಯಾನ ಎಲ್ಲಿಯದು? ನೋವು ತಗ್ಗಿದಾಗಲೇ ಮನಸ್ಸು ಶಿವನತ್ತ ತಿರುಗೀತು.

“ಶರಣರ ಗುಣವನ್ನು ಮರಣದಲ್ಲಿ ನೋಡು” ಎಂಬುದು ನಮ್ಮ ಗಾದೆ. ಶರಣರ ಗುಣದೊಡನೆ ಅವರ ಸುತ್ತ ನಿಂತವರ ಗುಣವೂ ಆಗ ಕಾಣುತ್ತದೆ. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಮನ ಸೇವೆಯಿಂದ ಬೆಳೆದ ಚಳವಳಿಯಲ್ಲಿ ನೆರೆಹೊರೆಯವರೇ ತರಬೇತಿ ಪಡೆದು ರೋಗಿಗಳ ಮನೆಗೆ ಹೋಗುತ್ತಾರೆ. ಅನ್ನದಾಸೋಹ, ಅಕ್ಷರದಾಸೋಹಗಳನ್ನು ನಡೆಸುವ ನಮ್ಮ ಮಠಗಳಿಗೂ ಅಕ್ಕನ ಬಳಗಗಳಿಗೂ ಇದು ಅಸಾಧ್ಯವೇನಲ್ಲ. ತಿಂಗಳಿಗೊಮ್ಮೆ ಅನುಭವಿ ಶುಶ್ರೂಷಕಿಯರನ್ನು ಕರೆಸಿ, ಮಗ್ಗುಲು ಬದಲಿಸುವುದು, ಬಾಯಿ ಒದ್ದೆ ಮಾಡುವುದು, ಸುಮ್ಮನೆ ಕೈಹಿಡಿದು ಕೂರುವುದು, ಇಷ್ಟನ್ನಾದರೂ ಕಲಿಯೋಣ. ಇಂದು ಮಲಗಿರುವವರು ನಮ್ಮ ಹಿರಿಯರು. ನಾಳೆ ಆ ಹಾಸಿಗೆ ನಮ್ಮದು.